ಮನೆ ಬಾಗಿಲಿಗೆ ಬಂದ ಕುಲುಮೆ

"ಕಣ್ಣು ಆ ಕಡೆ ಮಾಡ್ರಿ, ಸಪ್ಪಳ ಅಷ್ಟ ಕೇಳ್ರಿ" ಎಂದರು. ನಾನು ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಂತೆ. ನನ್ನ ನೆರಳು ಒಮ್ಮೆಲೇ ಗೋಡೆಯ ಮೇಲೆ ನೀಲಿ ಅಂಚು ಕಟ್ಟಿಕೊಂಡು ನಡುಗಿತು. ಹಿಂದೆ ಚರ್ರನೆ ಹೊರಟ ಸದ್ದು ಎರಡೇ ಕ್ಷಣದಲ್ಲಿ ಹದಕ್ಕೆ ಬಂತು. ಸಂತೆಯಲ್ಲಿ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗ ಏಳುತ್ತದಲ್ಲ, ಏರದ, ಇಳಿಯದ, ಒಂದೇ ಸಮನೆಯ ಆ ಸದ್ದು. "ಹಿಂಗ ಬರಬೇಕು. ಹಿಂಗ ಬಂತಂದ್ರ ಕಬ್ಬಿಣ ಕೂಡೇತಿ ಅಂತನ ಲೆಕ್ಕ."

ಮುಂಡಗೋಡ ತಾಲ್ಲೂಕಿನ ಮಳಗಿ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಚಿಕ್ಕಮ್ಮನ ಮನೆ. ಅಂಗಳದ ಗೇಟು ಕೆಳಗಿನಿಂದ ತುಕ್ಕು ಹಿಡಿದು, ಒಂದು ತಿರುಗುಣಿ ಕಿತ್ತುಬಂದು, ಎರಡು ಮಳೆಗಾಲ ತಂತಿ ಕಟ್ಟಿಸಿಕೊಂಡೇ ನಿಂತಿತ್ತು. ಅದನ್ನು ಸರಿಮಾಡಲು ಬಂದವರು ಈ ವೆಲ್ಡರ್. ಇವರಿಗೆ ಅಂಗಡಿ ಇಲ್ಲ, ಬೋರ್ಡಿಲ್ಲ. ಬೈಕಿನ ಹಿಂದೆ ಬಿಗಿದ ಒಂದು ಕಟ್ಟಿಗೆ ಪೆಟ್ಟಿಗೆಯೇ ವರ್ಕ್‌ಶಾಪು. ಸುತ್ತಲಿನವರಿಗೆ ಇವರು 'ವೆಲ್ಡಿಂಗ್ ಅಣ್ಣ'. ಹೆಸರು ಕೇಳಿದರೆ, "ಪೇಪರಿನ್ಯಾಗ ಹೆಸರು ಹಾಕಬ್ಯಾಡ್ರಿ, ಈಗ ಬರೋ ಫೋನಿಗೇ ಪೂರೈಸವಲ್ದು" ಎಂದರು. ಹಾಗಾಗಿ ಹೆಸರು ಹಾಕುತ್ತಿಲ್ಲ.

ಆ ಸಪ್ಪಳದ ವಿಷಯಕ್ಕೇ ಮತ್ತೆ ಬರುತ್ತೇನೆ, ಏಕೆಂದರೆ ಅವರ ವಿದ್ಯೆಯ ಜೀವ ಇರುವುದು ಅಲ್ಲೇ ಎಂದು ನನಗನ್ನಿಸಿತು. ಮುಖವಾಡದ 11 ನಂಬರಿನ ಕಪ್ಪುಗಾಜಿನ ಹಿಂದಿನಿಂದ ಕಾಣುವುದು ಕರಗಿದ ಕಬ್ಬಿಣದ ಒಂದು ಹನಿ ಮಾತ್ರ, ಸುತ್ತಲೆಲ್ಲ ಅಮಾವಾಸ್ಯೆ. ಹಾಗಾಗಿ ಕಿವಿಯೇ ಮೀಟರು. ಕರೆಂಟು ಕಡಿಮೆಯಾದರೆ ರಾಡು ಕಬ್ಬಿಣಕ್ಕೆ ಕಚ್ಚಿಕೊಂಡು ಗುಂಯ್ ಎನ್ನುತ್ತದೆ. ಹೆಚ್ಚಾದರೆ ಭುಸುಗುಟ್ಟಿ ಕಿಡಿ ಕಾರುತ್ತದೆ, ತೆಳು ಪೈಪಾದರೆ ತೂತೇ ಬೀಳುತ್ತದೆ. ಕೆಲಸದ ನಡುವೆ ಒಮ್ಮೆ ಸದ್ದು ತುಸು ಕುಗ್ಗಿತು. ಅವರು ಕೈ ತಡೆದು, ಮುಖವಾಡ ಎತ್ತದೆಯೇ, "ಯಾರೋ ಪಂಪ್‌ಸೆಟ್ ಚಾಲೂ ಮಾಡಿದ್ರು ನೋಡ್ರಿ" ಎಂದರು. ಚಿಕ್ಕಮ್ಮ ಬೇಲಿಯಾಚೆ ಇಣುಕಿದಳು. ಪಕ್ಕದ ಗದ್ದೆಯ ಪೈಪಿನ ಬಾಯಲ್ಲಿ ಆಗ ತಾನೇ ನೀರು ಬೀಳತೊಡಗಿತ್ತು! ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಹೀಗೆ ಏರಿಳಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದನ್ನು ರಾಡಿನ ತುದಿಯಲ್ಲಿ ಕೇಳಿಸಿಕೊಳ್ಳುವವರನ್ನು ನಾನು ಕಂಡದ್ದು ಅದೇ ಮೊದಲು.

ಊರೂರಿಗೆ ಹೋಗಿ ಕಬ್ಬಿಣದ ಕೆಲಸ ಮಾಡುವುದು ನಮ್ಮಲ್ಲಿ ಹೊಸದಲ್ಲ. ಚಿಕ್ಕಮ್ಮನ ಅತ್ತೆಗೆ, ಅಂದರೆ ಆ ಮನೆಯ ಅಜ್ಜಿಗೆ, ಊರ ಕಮ್ಮಾರನಿಗೆ ಸುಗ್ಗಿಯಲ್ಲಿ ಆಯ ಅಳೆದುಕೊಟ್ಟ ನೆನಪಿದೆ. ಮುಂಗಾರಿಗೆ ಮೊದಲು ಕುಡ, ಕುಡುಗೋಲು ಹಣಿಸಲು ಕುಲುಮೆಯ ಮುಂದೆ ಜನ ಕಾಯುತ್ತಿದ್ದರಂತೆ. ಅವನಲ್ಲದೆ ಚಕ್ಕಡಿಯಲ್ಲಿ ಸಂಸಾರ ಹೇರಿಕೊಂಡು ಬಂದು, ಊರ ಹೊರಗಿನ ಮರದ ಕೆಳಗೆ ತಿದಿ ಹೂಡುತ್ತಿದ್ದ ಬೈಲಕಮ್ಮಾರರೂ ಇದ್ದರು. ಆಮೇಲೆ ಟ್ರ್ಯಾಕ್ಟರು ಬಂತು, ಕುಲುಮೆ ಆರಿತು, ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಎದ್ದವು. ಆ ಅಂಗಡಿಗಳ ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್ನು ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರ. ಹಾಗಾಗಿ ಮುರಿದ ವಸ್ತುವೇ ಮಷಿನ್ನಿದ್ದಲ್ಲಿಗೆ ಹೋಗಬೇಕಿತ್ತು. ಇನ್ವರ್ಟರ್ ಮಷಿನ್ನು ಬಂದ ಮೇಲೆ ಆ ಲೆಕ್ಕ ತಿರುಗಿತು. ಐದಾರು ಕಿಲೋ ತೂಗುವ, ಊಟದ ಬುತ್ತಿಯಂತೆ ಹೆಗಲಿಗೆ ನೇತುಹಾಕಬಹುದಾದ ಡಬ್ಬಿ ಅದು.

ವೆಲ್ಡಿಂಗ್ ರಾಡು ಬೆಳೆದದ್ದೇ ರಿಪೇರಿ ಕೆಲಸದಿಂದ ಎಂಬುದನ್ನೂ ಇಲ್ಲಿ ಹೇಳಬೇಕು. ಸ್ವೀಡನ್ನಿನ ಆಸ್ಕರ್ ಶೆಲ್‌ಬರಿ ಹಡಗುಗಳ, ಬಾಯ್ಲರುಗಳ ಬಿರುಕು ಮುಚ್ಚುವ ಕೆಲಸದಲ್ಲಿದ್ದವರು. ಬರಿಯ ತಂತಿಯಿಂದ ಬೆಸೆದರೆ ಗಾಳಿ ಸೇರಿ ಜೋಡಣೆ ಟೊಳ್ಳಾಗುತ್ತದೆಂದು ಕಂಡು ಅದಕ್ಕೆ ಲೇಪ ಕೊಟ್ಟರು. 1904ರಲ್ಲಿ ಅವರು ಕಟ್ಟಿದ ಕಂಪನಿಯೇ ಇವತ್ತಿನ ಎಸಾಬ್. ಆ ಲೇಪ ಉರಿದು ಹೊಗೆಯ ಮರೆ ಕಟ್ಟುತ್ತದೆ, ಕರಗಿ ಕಬ್ಬಿಣದ ಮೇಲೆ ಕಿಟ್ಟದ ಹೊದಿಕೆಯಾಗುತ್ತದೆ.

ಗೇಟಿನ ಕೆಲಸ ಹಿಡಿದದ್ದು ಅರ್ಧ ದಿನ. ಅದರಲ್ಲಿ ಕಿಡಿ ಹಾರಿದ್ದು ಒಟ್ಟು ಹತ್ತು ಹದಿನೈದು ನಿಮಿಷವಷ್ಟೇ, ಉಳಿದದ್ದೆಲ್ಲ ತಯಾರಿ. ಮೊದಲು ಗ್ರೈಂಡರಿನಿಂದ ಬಣ್ಣ, ತುಕ್ಕು ಉಜ್ಜಿದರು. "ಕಬ್ಬಿಣ ಬೆಳ್ಳಗ ಆಗೂತನ ತಿಕ್ಕಬೇಕ್ರಿ. ತುಕ್ಕಿನ ಮ್ಯಾಲ ಹಚ್ಚಿದ್ದು ಸುಣ್ಣದ ಮ್ಯಾಲ ಬಣ್ಣ ಹಚ್ಚಿದಂಗ." ಕೊಳೆತ ಕೆಳಪಟ್ಟಿಯನ್ನು ಕತ್ತರಿಸಿದಾಗ ಚೌಕ ಪೈಪಿನೊಳಗಿಂದ ಒಂದು ಬೊಗಸೆ ಕೆಂಪು ಪುಡಿ ಸುರಿಯಿತು. ಗೇಟು ಹೊರಗಿನಿಂದ ಕೊಳೆತಿರಲಿಲ್ಲ. ಪೈಪಿನೊಳಗೆ ನಿಂತ ನೀರು ಅದನ್ನು ಒಳಗಿನಿಂದ ತಿಂದಿತ್ತು. ಹೊಸ ಪಟ್ಟಿ ಕೂರಿಸುವ ಮುನ್ನ ಅವರು ಅದರ ತಳಕ್ಕೆ ಎರಡು ಸಣ್ಣ ತೂತು ಕೊರೆದರು, ನೀರು ಇಳಿದುಹೋಗಲು. ಗೇಟು ಮಾಡಿದವರು ಮೊದಲೇ ಆ ತೂತು ಕೊರೆದಿದ್ದರೆ ಈ ಕೆಲಸವೇ ಬರುತ್ತಿರಲಿಲ್ಲ.

ನಂತರ ನಾಲ್ಕು ಮೂಲೆಗೆ ಚುಕ್ಕಿಯಿಟ್ಟಂತೆ ಟ್ಯಾಕು. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳತೆ, ಸುತ್ತಿಗೆಯಿಂದ ಒಂದು ಮೆಲ್ಲನೆಯ ಪೆಟ್ಟು, ಮತ್ತೆ ಅಳತೆ. ಕಾದ ಕಬ್ಬಿಣ ತಣಿಯುವಾಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದೇ ಬದಿ ಉದ್ದಕ್ಕೂ ಎಳೆದುಬಿಟ್ಟರೆ ಗೇಟು ಸೊಟ್ಟಗಾಗಿ ಅಗುಳಿಯೇ ಕೂರುವುದಿಲ್ಲ. ಅದಕ್ಕೇ ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ. ಹಿಡಿದದ್ದು ಎರಡೂವರೆ ಎಂ.ಎಂ. ರಾಡು, ಕರೆಂಟು ಎಂಬತ್ತು ಆಂಪಿಯರಿನ ಆಸುಪಾಸು. ಮುಗಿದ ಮೇಲೆ ಸುತ್ತಿಗೆ ಎತ್ತುವರೆಂದು ಕಾದೆ. ಅವರು ಸುಮ್ಮನೆ ಕೂತರು. ಕಪ್ಪು ಕಿಟ್ಟ ತಣಿಯುತ್ತ, ಟಿಕ್ ಟಿಕ್ ಎನ್ನುತ್ತ, ಸುಟ್ಟ ಹಪ್ಪಳದಂತೆ ಅಂಚಿನಿಂದ ತಾನೇ ಮುದುರಿ ಎದ್ದುಬಂತು. ಕೆಳಗೆ ಬೆಳ್ಳಿ ಬಣ್ಣದ, ಒತ್ತೊತ್ತು ಅಲೆಗಳ ಗೀರು. "ತಾನ ಬಿಡಬೇಕು. ಬಡಿದು ಬಿಡಸೋ ಹಂಗಾದ್ರ ಎಲ್ಲೋ ತಪ್ಪೇತಿ ಅಂತ."

ಮುಂಡಗೋಡ ಅರೆಮಲೆನಾಡು. ಇಲ್ಲಿ ತುಕ್ಕಿಗೂ ಒಂದು ಪಂಚಾಂಗವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಅಂಗಳಕ್ಕೆ ತಗಡು ಇಳಿಸುವ ಗಡಿಬಿಡಿ. ಮಳೆ ಹಿಡಿದರೆ ಗದ್ದೆಯ ಕೆಸರಿಗೆ ಹೋಗುವ ಟ್ರ್ಯಾಕ್ಟರಿನ ಕೇಜ್‌ವೀಲು ಬಿರುಕು ಬಿಡುತ್ತವೆ. ಮಳೆ ಬಿಟ್ಟ ಮೇಲೆ ಟಿಬೆಟನ್ ಕ್ಯಾಂಪಿನ ಕರೆಗಳು. 1966ರಲ್ಲಿ ಇಲ್ಲಿ ನೆಲೆಯೂರಿದ ಆ ಜನರ ಕ್ಯಾಂಪುಗಳಿಗೆ, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳ ಆಸುಪಾಸಿಗೆ ಇವರು ಕಂಬಿ, ಕಟಾಂಜನದ ಕೆಲಸಕ್ಕೆ ಹೋಗುತ್ತಾರೆ. ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ಊರುಗಳಿಗೆ ಹೊರಡುವ ಮನೆಯವರು ಹೋಗುವ ಮುನ್ನ ಕಿಟಕಿಯ ಗ್ರಿಲ್ಲು ಗಟ್ಟಿ ಮಾಡಿಸುತ್ತಾರಂತೆ. "ತಾಶಿ ದೆಲೆ ಅಂದ್ರ ಚಾ ಗ್ಯಾರಂಟಿ" ಎಂದು ನಕ್ಕರು.

ಕರೆಸುವವರಿಗೆ ಅವರು ಹೇಳುವ ಮಾತು ನಾಲ್ಕೇ. ಫೋನಿನಲ್ಲೇ ವಸ್ತು ಯಾವುದು, ಎಷ್ಟು ದಪ್ಪ ಎಂದು ಹೇಳಿ. ಬೀಡು ಕಬ್ಬಿಣವಾದರೆ ರಾಡೇ ಬೇರೆ. 16 ಆಂಪಿಯರಿನ ಪ್ಲಗ್ ಇರಲಿ, ಟಿವಿಯ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತದೆ. ಹುಲ್ಲಿನ ಬಣವೆಯಿಂದ ದೂರ ಜಾಗ ತೋರಿಸಿ, ಒಂದು ಕೊಡ ನೀರು ಪಕ್ಕದಲ್ಲಿಡಿ. ಡೀಸೆಲ್ ತುಂಬಿದ್ದ ಟ್ಯಾಂಕು, ಖಾಲಿಯಿದ್ದರೂ, ತರಬೇಡಿ, ಒಳಗಿನ ಆವಿಯೇ ಸಿಡಿಯುತ್ತದೆ. ಮಕ್ಕಳನ್ನು ಒಳಗೆ ಕಳಿಸಿ ಎಂದು ನಾನು ಸೇರಿಸುತ್ತೇನೆ. ಬೆಂಕಿಯ ಚೆಂದ ನೋಡಿದ ಕಣ್ಣು ಆಗ ನೋಯುವುದಿಲ್ಲ. ನಡುರಾತ್ರಿ ಮರಳು ಸುರಿದಂತೆ ಉರಿಯುತ್ತದೆ.

ಅವರ ಕಣ್ಣಂಚು ಸದಾ ಕೆಂಪು. ಕಲಿಯುವ ವಯಸ್ಸಿನಲ್ಲಿ ಮುಖವಾಡವಿಲ್ಲದೆ ಟ್ಯಾಕು ಹಾಕಿದ ರಾತ್ರಿಗಳನ್ನು, ಕಣ್ಣಿಗೆ ಆಲೂಗಡ್ಡೆ ಬಿಲ್ಲೆ ಕಟ್ಟಿಕೊಂಡು ಮಲಗಿದ್ದನ್ನು ಹೇಳಿದರು. ಸತು ಲೇಪದ ಜಿ.ಐ. ಪೈಪು ಬೆಸೆದ ಸಂಜೆ ಚಳಿಜ್ವರ ಬರುತ್ತದೆ, ಮರುದಿನ ಇಳಿಯುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಹೋಲ್ಡರ್ ಹಿಡಿಯುವುದೆಂದರೆ ಜೀವವನ್ನು ರಬ್ಬರ್ ಚಪ್ಪಲಿಗೆ ಒಪ್ಪಿಸಿದಂತೆ. ಇಷ್ಟಾದರೂ ಇವರು ಯಾವ ಪಟ್ಟಿಯಲ್ಲೂ ಸರಿಯಾಗಿ ಕೂರುವುದಿಲ್ಲ. ಕಟ್ಟಡ ಕಾರ್ಮಿಕರಾಗಿ ನೋಂದಣಿಯಾಗಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಇವತ್ತು ಪಾಳಾದಲ್ಲಿ ಗೇಟು, ನಾಳೆ ಇಂದೂರಿನಲ್ಲಿ ಟ್ರೇಲರು ಎಂದು ತಿರುಗುವವರಿಗೆ ಆ ತೊಂಬತ್ತು ದಿನಕ್ಕೆ ರುಜು ಹಾಕುವ ಧಣಿ ಯಾರು? 2023ರ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯಿದೆ, ಬೀಗ ಮಾಡುವುದಿದೆ, ಉಪಕರಣ ಕೊಳ್ಳಲು 15,000 ರೂಪಾಯಿಯ ನೆರವೂ ಇದೆ. ವೆಲ್ಡಿಂಗಿನ ಹೆಸರಿಲ್ಲ. ಕುಲುಮೆ ಆರಿದಲ್ಲಿ ಕಮ್ಮಾರನ ಕೆಲಸ ಹೊತ್ತು ತಿರುಗುತ್ತಿರುವವರು ಇವರೇ ತಾನೆ? ಕೆಡುವುದಕ್ಕೆ ಮುಂಚೆ ಒಂದು ಅಂಗುಲ ಬೆಸೆದು ಹತ್ತು ವರ್ಷ ಉಳಿಸಿಕೊಡುವ ಕೈಗೆ ಒಂದು ಒಳ್ಳೆಯ ಮುಖವಾಡ, ಒಂದು ವಿಮೆ ದೊಡ್ಡ ಬೇಡಿಕೆಯಲ್ಲ.

ರೆಡ್ ಆಕ್ಸೈಡ್ ಬಳಿದು, ಗೇಟನ್ನು ತಿರುಗುಣಿಗೆ ಏರಿಸುವಷ್ಟರಲ್ಲಿ ಹೊತ್ತು ವಾಲಿತ್ತು. ಅವರು ಹೋಲ್ಡರಿನ ವೈರನ್ನು ಮೊಣಕೈಗೆ ಸುತ್ತಿ ಪೆಟ್ಟಿಗೆಗಿಟ್ಟರು. ಉಳಿದ ರಾಡಿನ ತುಂಡುಗಳನ್ನು ಒಂದೂ ಬಿಡದೆ ನೆಲದಿಂದ ಆಯ್ದರು, ದನದ ಕಾಲಿಗೆ ಚುಚ್ಚೀತೆಂದು. ಬೈಕು ಹೊರಗೆ ದಾಟಿದ ಮೇಲೆ ಗೇಟು ಎಳೆದು ಅಗುಳಿ ಇಳಿಸಿದೆ. ಕಿರ್ರ್, ಠಣ್.

ಒಳಗೆ ಕತ್ತಲ ಕೋಣೆಯಲ್ಲಿ ಅಜ್ಜಿ ಮಲಗಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೆ ಅವಳಿಗೆ ಮನೆಗೆ ಬಂದವರು ಹೋದವರು ತಿಳಿಯುತ್ತಿದ್ದುದೇ ಆ ಸದ್ದಿನಿಂದ. ತಂತಿ ಕಟ್ಟಿದ ಎರಡು ವರ್ಷ ಅದು ನಿಂತುಹೋಗಿತ್ತು.

"ಯಾರ ಬಂದ್ರವಾ?" ಎಂದಳು.