ತಂಬೂರಿಯ ದಾರ, ಯಂತ್ರದ ನಾಬ್

ತಂಬೂರಿಯ ನಾಲ್ಕೂ ತಂತಿಗಳನ್ನು ಶ್ರುತಿಗೆ ತಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಕುದುರೆಯ ಮೇಲೆ, ತಂತಿಯ ಅಡಿಗೆ ಒಂದೆಳೆ ದಾರ ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಯಾವುದೋ ಒಂದು ಜಾಗಕ್ಕೆ ಬಂದಾಗ ಮಂಕಾಗಿದ್ದ ತಂತಿ ಥಟ್ಟನೆ ಝೇಂಕರಿಸತೊಡಗುತ್ತದೆ. ಮೀಟಿದ್ದು ಅದೇ ಸ್ವರ, ಆದರೆ ಅದರ ಹೊಟ್ಟೆಯೊಳಗಿದ್ದ ಮೇಲಿನ ನಾದಗಳೆಲ್ಲ ಈಗ ಹೊರಬಂದಿವೆ. ಮಂದ್ರ ಷಡ್ಜದೊಳಗಿಂದ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ. ಕರ್ನಾಟಕ ಸಂಗೀತದವರು ಇದನ್ನು ಜೀವಾಳಿ ಅನ್ನುತ್ತಾರೆ, ಹಿಂದೂಸ್ತಾನಿಯವರು ಜವಾರಿ.

1982ರಲ್ಲಿ ಎಚ್‌ಎಂವಿ ಹೊರತಂದ ಒಂದು ರೆಕಾರ್ಡನ್ನು ಕೇಳುವಾಗಲೆಲ್ಲ ನನಗೆ ಈ ದಾರದ ನೆನಪಾಗುತ್ತದೆ. ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ನುಡಿಸಿದವರು ಮುಂಬೈನ ಚರಣಜಿತ್ ಸಿಂಗ್. ಸಿನಿಮಾ ಸ್ಟುಡಿಯೋಗಳಲ್ಲಿ ಬಾಸ್ ಗಿಟಾರ್ ನುಡಿಸಿ, ಮದುವೆ ಮನೆಗಳಲ್ಲಿ ವಾದ್ಯಗೋಷ್ಠಿ ನಡೆಸಿ ಬದುಕಿದ ಕಲಾವಿದ. ಆರ್.ಡಿ. ಬರ್ಮನ್ ಅವರ ‘ದಮ್ ಮಾರೋ ದಮ್’ ಹಾಡಿನಲ್ಲಿ ಟ್ರಾನ್ಸಿಕಾರ್ಡ್ ಎಂಬ ಎಲೆಕ್ಟ್ರಾನಿಕ್ ಅಕಾರ್ಡಿಯನ್ ನುಡಿಸಿದವರೂ ಅವರೇ. ಸಿಂಗಪುರದಿಂದ ತಂದ ರೋಲ್ಯಾಂಡ್ ಕಂಪನಿಯ ಯಂತ್ರಗಳನ್ನು ಮುಂದಿಟ್ಟುಕೊಂಡು ಅವರು ಭೈರವ್, ಲಲಿತ್, ತೋಡಿ, ಯಮನ್, ಮಾಲಕೌಂಸ್ ಹೀಗೆ ಹತ್ತು ರಾಗಗಳನ್ನು ನುಡಿಸಿದರು. ರಾಗ ಹಾಡುವುದು ಜುಪಿಟರ್-8 ಸಿಂಥಸೈಸರ್. ಟಿಆರ್-808 ಎಂಬ ಡ್ರಮ್ ಯಂತ್ರದ್ದು ತಾಳ. ಇವೆರಡರ ನಡುವೆ ಸದಾ ತಿರುಗುತ್ತಿರುವ, ಗುಳುಗುಳು ಎನ್ನುತ್ತ ಉಬ್ಬಿ ಇಳಿಯುವ ಮಂದ್ರದ ಎಳೆ ಟಿಬಿ-303ರದು.

ರೆಕಾರ್ಡು ಮಾರಾಟವಾಗಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2002ರಲ್ಲಿ, ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ಅವರೇ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಕೇಳಿದ ಯುರೋಪಿನ ಜನ ದಂಗಾದರು. 1987ರಲ್ಲಿ ಷಿಕಾಗೋದ ಫ್ಯೂಚರ್ ತಂಡ ‘ಆಸಿಡ್ ಟ್ರ್ಯಾಕ್ಸ್’ ಮೂಲಕ ಹುಟ್ಟುಹಾಕಿತೆಂದು ಎಲ್ಲರೂ ನಂಬಿದ್ದ ‘ಆಸಿಡ್ ಹೌಸ್’ ಎಂಬ ನೃತ್ಯಸಂಗೀತದ ಸದ್ದು ಇಲ್ಲಿ ಐದು ವರ್ಷ ಮೊದಲೇ ಇತ್ತು. ಯಾರೋ ಈಚೆಗೆ ತಯಾರಿಸಿ ಹಳೆಯದೆಂದು ನಂಬಿಸುತ್ತಿದ್ದಾರೆ ಎಂದು ಅನುಮಾನಿಸಿದವರೂ ಇದ್ದರು. ‘ಆಸಿಡ್ ಹೌಸಿನ ಜನಕ ಒಬ್ಬ ಭಾರತೀಯ’ ಎಂಬ ತಲೆಬರಹಗಳು ಬಂದವು.

ಆ ತಲೆಬರಹ ನನಗೆ ಒಪ್ಪಿಗೆಯಿಲ್ಲ. ಷಿಕಾಗೋದ ಹುಡುಗರು ಈ ರೆಕಾರ್ಡನ್ನು ಕೇಳಿರಲಿಲ್ಲ; ಒಂದರಿಂದ ಇನ್ನೊಂದು ಹುಟ್ಟಲಿಲ್ಲ. ಯಾರು ಮೊದಲು ಎಂಬುದಕ್ಕಿಂತ ನನ್ನನ್ನು ಕಾಡುವ ಪ್ರಶ್ನೆ ಬೇರೆ. ತಯಾರಕರ ಲೆಕ್ಕದಲ್ಲಿ ಸೋತುಹೋದ ಟಿಬಿ-303 ಎಂಬ ಪೆಟ್ಟಿಗೆ ರಾಗ ಬಲ್ಲ ಕಿವಿಗೆ ಏಕೆ ಅಷ್ಟು ಸಲೀಸಾಗಿ ಒಗ್ಗಿತು?

ಅದಕ್ಕೆ ಪೆಟ್ಟಿಗೆಯ ಒಳಗೆ ನೋಡಬೇಕು. ಟಿಬಿ ಎಂದರೆ ಟ್ರಾನ್ಸಿಸ್ಟರ್ ಬಾಸ್. ತಡಾವೊ ಕಿಕುಮೊಟೊ ರೂಪಿಸಿದ ಈ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಯಂತ್ರ 1981ರಲ್ಲಿ ಬಂತು. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬಾಸ್ ನುಡಿಸುವ ಜೊತೆಗಾರನಾಗಲಿ ಎಂಬುದು ಉದ್ದೇಶ. ಆದರೆ ಅದರ ದನಿ ಬಾಸ್ ಗಿಟಾರಿನಂತಿರಲಿಲ್ಲ. ಸ್ವರಗಳನ್ನು ಒಂದು ಸಲ, ಅವುಗಳ ಕಾಲಪ್ರಮಾಣವನ್ನು ಮತ್ತೊಂದು ಸಲ ತುಂಬಬೇಕಾದ ಕ್ರಮ ತಲೆನೋವಿನದು. ಹತ್ತು ಸಾವಿರದಷ್ಟು ಯಂತ್ರಗಳು ತಯಾರಾದ ಮೇಲೆ 1984ರಲ್ಲಿ ಕಂಪನಿ ಕೈಬಿಟ್ಟಿತು.

ಅದು ಒಮ್ಮೆಗೆ ಒಂದೇ ಸ್ವರ ನುಡಿಸುತ್ತದೆ. ಪಾಶ್ಚಾತ್ಯ ಸಂಗೀತದ ಸ್ವರಮೇಳಕ್ಕೆ ಇದು ಬಡತನ; ಒಂದೇ ಎಳೆಯಲ್ಲಿ ಬೆಳೆಯುವ ರಾಗಕ್ಕೆ ಇದರಿಂದ ಏನೂ ಕೊರತೆಯಿಲ್ಲ. ಹದಿನಾರು ಹೆಜ್ಜೆಗಳ ಒಂದು ಸಾಲನ್ನು ತುಂಬಿಬಿಟ್ಟರೆ ಬೇಸರವಿಲ್ಲದೆ ಸುತ್ತುತ್ತಲೇ ಇರುತ್ತದೆ. ತಬಲಾ ಸೋಲೋ ಕೇಳಿದವರಿಗೆ ಇದೇನೆಂದು ಹೇಳಬೇಕಾಗಿಲ್ಲ. ಹಾರ್ಮೋನಿಯಂ ಅಥವಾ ಸಾರಂಗಿ ಹಿಡಿದುಕೊಡುವ ಲೆಹರಾ ಇದೇ. ‘ಸ್ಲೈಡ್’ ಎಂಬ ಗುಂಡಿ ಒತ್ತಿದರೆ ಒಂದು ಸ್ವರ ಮುಂದಿನ ಸ್ವರಕ್ಕೆ ಜಾರಿಕೊಂಡು ಹೋಗುತ್ತದೆ. ಪೂರ್ತಿ ಮೀಂಡ್ ಅಲ್ಲ, ಅದರ ನೆರಳು.

ಎಲ್ಲಕ್ಕಿಂತ ಮುಖ್ಯವಾದದ್ದು ಫಿಲ್ಟರ್. ಈ ಯಂತ್ರದಲ್ಲಿ ಹುಟ್ಟುವುದು ಗರಗಸದ ಹಲ್ಲಿನಂಥ ವಿದ್ಯುತ್ ಅಲೆ. ಅಂಥ ಅಲೆಯಲ್ಲಿ ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನದ ನಾದಗಳೆಲ್ಲ ತುಂಬಿಕೊಂಡಿರುತ್ತವೆ. ಫಿಲ್ಟರ್ ಮೇಲಿನವನ್ನು ಅಡಗಿಸಿಡುತ್ತದೆ. ‘ಕಟಾಫ್’ ಎಂಬ ನಾಬ್ ತಿರುಗಿಸುತ್ತ ಹೋದಂತೆ ಅವು ಒಂದೊಂದಾಗಿ ಬಯಲಿಗೆ ಬರುತ್ತವೆ. ‘ರೆಸೊನೆನ್ಸ್’ ನಾಬ್ ಅಂಚಿನಲ್ಲಿರುವ ನಾದವನ್ನು ಎತ್ತಿ ತೋರಿಸುತ್ತದೆ. ಸ್ವರ ಅಲ್ಲೇ ಇರುತ್ತದೆ, ಬಣ್ಣ ಮಾತ್ರ ಬದಲಾಗುತ್ತ ಹೋಗುತ್ತದೆ. ತಂಬೂರಿಯ ದಾರ ಮಾಡುವುದಾದರೂ ಏನು? ಹತ್ತಿಯ ಎಳೆ ಕುದುರೆಯ ಮೇಲೆ ಮಾಡಿದ್ದನ್ನು ಇಲ್ಲಿ ಟ್ರಾನ್ಸಿಸ್ಟರುಗಳು ಮಾಡುತ್ತವೆ. ದಾರಿ ಬೇರೆ, ಆದರೆ ನಮ್ಮ ಕಿವಿ ಹಂಬಲಿಸುವುದು ಈ ತೆರೆದುಕೊಳ್ಳುವ ಗಳಿಗೆಗೇ.

ಸಿಂಗ್ ಅವರ ನುಡಿಸಾಣಿಕೆಯಲ್ಲಿ ಕೊರತೆಯೂ ಇದೆ. ಜುಪಿಟರಿನ ಮನೆಗಳು ಹಾರ್ಮೋನಿಯಂನಂತೆಯೇ ಸಮವಾಗಿ ಹಂಚಿದ ಹನ್ನೆರಡು. ತೋಡಿಯ ಗಾಂಧಾರ ಇನ್ನೂ ಕೆಳಗೆ ಕೂರಬೇಕು, ಇಲ್ಲಿ ಅದಕ್ಕೆ ಜಾಗವಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಹಾಕಿದ್ದಕ್ಕೂ ಹೀಗೆ ಬಾಗದ ಸ್ವರಗಳ ದೂರೇ ಮುಖ್ಯ ಕಾರಣ. ಆದರೂ ಅವರ ಭೈರವ್ ಭೈರವ್ ಆಗಿಯೇ ಕೇಳಿಸುತ್ತದೆ, ಎಲ್ಲಿ ನಿಲ್ಲಬೇಕು ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ನೆಲದಲ್ಲಿ ಸಿಂಥಸೈಸರ್ ಸಿಂಗ್ ಅವರ ರೆಕಾರ್ಡಿಗಿಂತಲೂ ಹಳೆಯದು. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಯಂತ್ರ ಬಂದಿತ್ತು. ಅದನ್ನು ಅಣಿಗೊಳಿಸಿದವರು ಅಮೆರಿಕದ ಡೇವಿಡ್ ಟ್ಯೂಡರ್. ಅಲ್ಲಿ ಗೀತಾ ಸಾರಾಭಾಯಿ ಮೊದಲಾದವರು ಮಾಡಿದ ಪ್ರಯೋಗಗಳ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿದ್ದು, 2023ರಲ್ಲಷ್ಟೇ ಸಂಕಲನವಾಗಿ ಹೊರಬಂದವು. ಬೆಂಗಳೂರಿನ ದಾರಿ ಬೇರೆ. ವೇಣುವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ತಮ್ಮ ರಾಡೆಲ್ ಕಂಪನಿಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ, ತಬಲಾ ತಯಾರಿಸಿದರು. ಸಂಗೀತದ ಮೇಷ್ಟರ ಮನೆಯ ಮೂಲೆಯಲ್ಲಿ ಬೆಳಗಾಗೆದ್ದು ಗುಂಯ್‌ಗುಡುವ ಆ ಡಬ್ಬವನ್ನು ಯಾರೂ ಸಿಂಥಸೈಸರ್ ಎಂದು ಕರೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ಆ ವಂಶದ್ದೇ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನಿಂತು ಬಡಿಯುವ ‘ಪ್ಯಾಡ್’ ಕೂಡ ಹಾಗೆಯೇ.

ಬೇಡವಾಗಿದ್ದ 303ಕ್ಕೆ ಈಗ ಲಕ್ಷಗಟ್ಟಲೆ ರೂಪಾಯಿ. ಹಳೆಯ ಯಂತ್ರ ಕೊಂಡವರು ಅದರ ಮುಪ್ಪನ್ನೂ ಕೊಂಡಿರುತ್ತಾರೆ. ಕೆಪಾಸಿಟರ್‌ಗಳು ಒಣಗುತ್ತವೆ, ನಾಬ್‌ಗಳು ಕರಕರ ಎನ್ನುತ್ತವೆ. ರೋಲ್ಯಾಂಡಿನದೇ ಇನ್ನೊಂದು ಸಿಂಥಸೈಸರ್ ಆದ ಜೂನೋ-106ರ ಧ್ವನಿಚಿಪ್‌ಗಳ ಮೇಲೆ ಬಳಿದ ರಾಳವೇ ಅವುಗಳಿಗೆ ಮುಳುವಾಗುತ್ತದೆ. ಅಸಿಟೋನ್‌ನಲ್ಲಿ ನೆನೆಸಿ ಸುಲಿದು ಬದುಕಿಸಿಕೊಳ್ಳುವವರಿದ್ದಾರೆ. 808ರ ಕಥೆ ಇನ್ನೂ ವಿಚಿತ್ರ. ಅದರ ಸುಯ್ ಎಂಬ ಸದ್ದು ಬಂದದ್ದು ಬೇಕೆಂದೇ ಆರಿಸಿಕೊಂಡ ದೋಷವುಳ್ಳ ಟ್ರಾನ್ಸಿಸ್ಟರುಗಳಿಂದ. ಟ್ರಾನ್ಸಿಸ್ಟರ್ ತಯಾರಿಕೆ ಸುಧಾರಿಸಿದಂತೆ ಅಂಥವು ಸಿಗದೆ, 1983ರಲ್ಲಿ 808 ನಿಂತುಹೋಯಿತು.

ಹೊಸ ನಕಲುಗಳೂ ಬಂದಿವೆ. ರೋಲ್ಯಾಂಡ್ ತಾನೇ 2016ರಲ್ಲಿ ಟಿಬಿ-03 ತಂದಿತು. ಅದು ಕಂಪ್ಯೂಟರ್ ಲೆಕ್ಕಾಚಾರದಿಂದ ಹಳೆಯ ದನಿಯನ್ನು ಅನುಕರಿಸುತ್ತದೆ. 2019ರಲ್ಲಿ ಬಂದ ಬೆರಿಂಗರ್ ಕಂಪನಿಯ ಟಿಡಿ-3ರ ಒಳಗಿರುವುದು ಹಳೆಯ ಬಗೆಯ ಅನಲಾಗ್ ಸರ್ಕಿಟ್ಟೇ, ಬೆಲೆ ಮೂಲದ ಸಣ್ಣದೊಂದು ಪಾಲು. ಕಲಿಯುವವರು ಕೇಳಿದರೆ ನಾನು ಹೇಳುವುದು ಅಗ್ಗದ್ದನ್ನೇ ಕೊಳ್ಳಿ ಎಂದು. ಷಿಕಾಗೋದ ಹುಡುಗರ ಕೈಗೆ ಸಿಕ್ಕಿದ್ದೂ ಸೆಕೆಂಡ್‌ಹ್ಯಾಂಡ್ ಅಂಗಡಿಯ ಅಗ್ಗದ ಮಾಲೇ ಆಗಿತ್ತು.

ಎಪ್ಪತ್ತು ದಾಟಿದ ಮೇಲೆ ಚರಣಜಿತ್ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಮತ್ತೆ ಜುಪಿಟರ್ ಮುಂದೆ ನಿಂತರು, ಮೊಮ್ಮಕ್ಕಳ ವಯಸ್ಸಿನವರು ಎದುರು ಕುಣಿದರು. 2015ರ ಜುಲೈನಲ್ಲಿ ಅವರು ಮುಂಬೈಯಲ್ಲಿ ತೀರಿಕೊಂಡರು. ಈ ರೆಕಾರ್ಡನ್ನು ಕೇಳಬೇಕೆನ್ನುವವರು ಮೊದಲು ಹತ್ತು ನಿಮಿಷ ಬರೀ ತಂಬೂರಿ ಕೇಳಿ, ಆಮೇಲೆ ಭೈರವ್ ಹಾಕಿ. ರಾಗದ ಕಡೆಗೆ ಗಮನ ಬೇಡ, ಕೆಳಗೆ ಸುತ್ತುತ್ತಿರುವ ಎಳೆಯ ಮೇಲೆ ಕಿವಿಯಿಡಿ. ನಾಬ್ ಮೆಲ್ಲಗೆ ತಿರುಗಿ, ಮಂದ್ರದೊಳಗಿಂದ ಏನೋ ಮೇಲೇಳುತ್ತದೆ.