ಅಕ್ಷರ ಕುಣಿಯುವ ಮಕ್ಕಳು: ‘ತಾರೇ ಜಮೀನ್ ಪರ್’ ನೋಡಿದ ಮೇಲೆ



ಕಮಲಾಪುರ ಭಾಗದ ಸಂಘದ ಸಭೆಗಳಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಮಕ್ಕಳ ಮಾತು ಬಂದೇ ಬರುತ್ತದೆ. ಒಂದು ದಿನ ಒಬ್ಬ ತಾಯಿ, “ಸಿಸ್ಟರ್, ನಮ್ಮ ಸಣ್ಣಾಕಿ ಐದನೇತ್ತ ಅದಾಳ್ರಿ. ಇನ್ನಾ ನೆಟ್ಟಗ ಹೆಸರು ಬರೀಲಿಕ್ಕೆ ಬರಂಗಿಲ್ಲ. ಮಾತು ಮಾತ್ರ ಕಥಿ ಕಟ್ಟಿದಂಗ ಆಡ್ತಾಳ. ಸಾಲಿ ಬಿಡಿಸಬೇಕಂತ ಮಾಡೀವ್ರಿ” ಎಂದರು. ಪಕ್ಕದಲ್ಲಿದ್ದ ಇಬ್ಬರು “ನಮ್ಮನ್ಯಾಗೂ ಅದೇ ಹಾಡು” ಎಂದರು. ಅದಕ್ಕೇ ಮುಂದಿನ ಸಭೆಯಲ್ಲಿ ‘ತಾರೇ ಜಮೀನ್ ಪರ್’ ಚಿತ್ರ ತೋರಿಸಿದೆವು. ಆಮೀರ್ ಖಾನ್ ನಿರ್ದೇಶಿಸಿದ ಈ ಹಿಂದಿ ಚಿತ್ರ 2007ರ ಡಿಸೆಂಬರ್‌ನಲ್ಲಿ ಬಂದದ್ದು. ಹಿಂದಿ ನಮ್ಮ ಕಲಬುರಗಿ ಕಡೆಯವರಿಗೆ ಅಷ್ಟೇನೂ ತೊಡಕಲ್ಲ.

ಇಶಾನ್ ಎಂಬ ಮುಂಬೈಯ ಸಣ್ಣ ಹುಡುಗನ ಕಥೆ ಇದು. ಮೂರನೇ ತರಗತಿಯಲ್ಲೇ ಎರಡನೇ ವರ್ಷ ಕೂತಿದ್ದಾನೆ. ಪುಸ್ತಕ ತೆರೆದರೆ ಅಕ್ಷರಗಳು ಕುಣಿಯುತ್ತವೆ ಎನ್ನುತ್ತಾನೆ, ಟೀಚರ್ ಅದನ್ನು ಉದ್ಧಟತನ ಎಂದು ತಿಳಿಯುತ್ತಾರೆ. ಲೆಕ್ಕದ ಪರೀಕ್ಷೆಯಲ್ಲಿ ಮೂರನ್ನು ಒಂಬತ್ತರಿಂದ ಗುಣಿಸಬೇಕು. ಇವನ ತಲೆಯಲ್ಲಿ ಆ ಅಂಕಿಗಳೇ ಗ್ರಹಗಳಾಗುತ್ತವೆ. ಮೂರನೇ ಗ್ರಹ ಹೋಗಿ ಒಂಬತ್ತನೆಯದಕ್ಕೆ ಢಿಕ್ಕಿ ಹೊಡೆದು ಅದನ್ನು ಪುಡಿ ಮಾಡುತ್ತದೆ, ಉಳಿದದ್ದು ಮೂರು. ಉತ್ತರ ಮೂರು ಎಂದು ಬರೆದು ಖುಷಿಯಾಗಿ ಎದ್ದು ಬರುತ್ತಾನೆ! ನಮ್ಮ ಹೆಣ್ಣುಮಕ್ಕಳು ಇಲ್ಲಿ ಬಿದ್ದು ಬಿದ್ದು ನಕ್ಕರು.

ಆಮೇಲೆ ನಗು ನಿಂತಿತು. ತಾಯಿ ಮಕ್ಕಳಿಗಾಗಿ ಕೆಲಸ ಬಿಟ್ಟಾಕೆ, ದಿನಾ ಕೂತು ಓದಿಸಿ ಸೋತಿದ್ದಾಳೆ. ತಂದೆ ದುಡಿದು ಬರುತ್ತಾನೆ, ಮಗ ಬೇಕಂತಲೇ ಹೀಗೆ ಮಾಡುತ್ತಾನೆಂದು ಹೊಡೆಯುತ್ತಾನೆ, ಕಡೆಗೆ ದೂರದ ಬೋರ್ಡಿಂಗ್ ಶಾಲೆಗೆ ಹಾಕುತ್ತಾನೆ. ಈ ತಂದೆತಾಯಿ ಕೆಟ್ಟವರಲ್ಲ. ಪ್ರೀತಿ ಬೇಕಾದಷ್ಟಿತ್ತು, ವಿಷಯ ಗೊತ್ತಿರಲಿಲ್ಲ ಅಷ್ಟೆ. ಬೋರ್ಡಿಂಗಿನಲ್ಲಿ ಹುಡುಗ ಮಾತು ನಿಲ್ಲಿಸುತ್ತಾನೆ, ಜೀವದಂತಿದ್ದ ಚಿತ್ರ ಬಿಡಿಸುವುದನ್ನೂ ನಿಲ್ಲಿಸುತ್ತಾನೆ.

ಅಲ್ಲಿಗೆ ಬಂದ ನಿಕುಂಭ್ ಎಂಬ ಡ್ರಾಯಿಂಗ್ ಮೇಷ್ಟ್ರು ಮೊದಲು ಬೈಯುವುದಿಲ್ಲ, ನೋಟ್‌ಬುಕ್ ನೋಡುತ್ತಾರೆ. ತಪ್ಪುಗಳೆಲ್ಲ ಒಂದೇ ಜಾತಿಯವು: ಅಕ್ಷರ ಎಡಬಲ ತಿರುಗಿವೆ, ಒಂದೇ ಪದ ಒಂದೊಂದು ಸಲ ಒಂದೊಂದು ರೀತಿ. ಮನೆಗೆ ಹೋಗಿ, ತಂದೆಯ ಕೈಗೆ ಗೊತ್ತಿಲ್ಲದ ಲಿಪಿಯ ಡಬ್ಬಿ ಕೊಟ್ಟು “ಓದಿ” ಎನ್ನುತ್ತಾರೆ. ಹೇಗೆ ಓದಲಿ ಎಂದರೆ, ಮಗನಿಗೆ ನೀವು ಬೈಯುವ ಮಾತನ್ನೇ ತಿರುಗಿ ಹೇಳುತ್ತಾರೆ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ನಮ್ಮ ಸದಸ್ಯೆಯರಿಗೆ ಈ ದೃಶ್ಯ ವಿವರಿಸಿ ಹೇಳಬೇಕಾಗಲಿಲ್ಲ.

ಇದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ, ಕಲಿಕಾ ನ್ಯೂನತೆಗಳಲ್ಲಿ ಒಂದು. ಬುದ್ಧಿ ಕಡಿಮೆ ಎಂದಲ್ಲ. ಅಕ್ಷರವನ್ನು ಅದರ ಸದ್ದಿಗೆ ಜೋಡಿಸುವ ಕೆಲಸ ಆ ಮಗುವಿನ ಮೆದುಳಿನಲ್ಲಿ ಬೇರೆ ರೀತಿ ನಡೆಯುತ್ತದೆ. ಕೆಲವು ಮನೆತನಗಳಲ್ಲಿ ತಂದೆಗೋ ಚಿಕ್ಕಪ್ಪನಿಗೋ ಇದೇ ಕಷ್ಟ ಇದ್ದಿರುತ್ತದೆ. ಬಸುರಿದ್ದಾಗ ಗ್ರಹಣ ನೋಡಿದ್ದಕ್ಕೆ ಬಂದದ್ದಲ್ಲ, ದೃಷ್ಟಿಯೂ ಅಲ್ಲ. ತಾಯತಕ್ಕೆ, ಗುಳಿಗೆಗೆ ಹೋಗುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಬಿಟ್ಟುಹೋಗುವುದು, ದೀರ್ಘ ಮರೆಯುವುದು, ಬ-ಭ, ದ-ಧ ಅದಲು ಬದಲಾಗುವುದು ಕಾಣುತ್ತದೆ. ಕಲಿಯುವಾಗ ಎಲ್ಲ ಮಕ್ಕಳೂ ಹೀಗೆ ತಪ್ಪುತ್ತಾರೆ. ವರ್ಷಗಟ್ಟಲೆ ಹೇಳಿಕೊಟ್ಟರೂ ಉಳಿದರೆ ಮಾತ್ರ ಯೋಚಿಸಬೇಕು. ಅದಕ್ಕೂ ಮೊದಲು ಕಣ್ಣು, ಕಿವಿ ತೋರಿಸಿರಿ. ಬೋರ್ಡ್ ಕಾಣದ ಮಗು, ಪಾಠ ಕೇಳಿಸದ ಮಗು ಕೂಡ ‘ದಡ್ಡ’ ಅನ್ನಿಸಿಕೊಳ್ಳುತ್ತದೆ.

ನಿಕುಂಭ್ ಮೇಷ್ಟ್ರು ಮರಳಿನಲ್ಲಿ ಬರೆಸುತ್ತಾರೆ, ಮಣ್ಣಿನಲ್ಲಿ ಅಕ್ಷರ ಮಾಡಿಸುತ್ತಾರೆ, ಮೆಟ್ಟಿಲು ಹತ್ತಿಸಿ ಇಳಿಸಿ ಲೆಕ್ಕ ಕಲಿಸುತ್ತಾರೆ. ರೊಟ್ಟಿ ಬಡಿಯುವ ಮುಂಚೆ ಪರಾತದಲ್ಲಿ ಜೋಳದ ಹಿಟ್ಟು ಹರಡಿ, ಬೆರಳಿನಿಂದ ಒಂದೊಂದೇ ಅಕ್ಷರ ಬರೆಸುತ್ತ ಸದ್ದು ಹೇಳಿಸಿರಿ. ಹತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಚಿತ್ರದಲ್ಲಿ ಒಂದು ಹಾಡಿನಲ್ಲೇ ಹುಡುಗ ಸುಧಾರಿಸುತ್ತಾನೆ, ನಿಜಜೀವನದಲ್ಲಿ ವರ್ಷಗಳು ಹಿಡಿಯುತ್ತವೆ. ನನಗೆ ಇನ್ನೊಂದು ತಕರಾರಿದೆ. ಇಶಾನ್ ಕೊನೆಗೆ ಚಿತ್ರಕಲೆಯಲ್ಲಿ ಮೊದಲ ಬಹುಮಾನ ಪಡೆಯುತ್ತಾನೆ. ಬಹುಮಾನ ಬಾರದ ಮಗುವಿಗೂ ಓದುವ ಹಕ್ಕಿದೆ. ಬಸ್ಸಿನ ಬೋರ್ಡು, ಸಂಘದ ಪುಸ್ತಕ ಓದುವಷ್ಟಾದರೂ ಬೇಡವೇ?

ಇಶಾನ್ ಗಂಡುಹುಡುಗ, ಅವನ ತಂದೆಗೆ ಬೋರ್ಡಿಂಗ್ ಫೀಸು ಕಟ್ಟುವ ಶಕ್ತಿ ಇತ್ತು. ನಮ್ಮಲ್ಲಿ ಇಂಥ ಹುಡುಗಿಯನ್ನು ಹೊಡೆಯುವುದೂ ಇಲ್ಲ. ತೊಗರಿ ರಾಶಿ ಬಂತು, ಕೂಸು ನೋಡಿಕೊಳ್ಳಬೇಕು ಎಂದು ಸುಮ್ಮನೆ ಮನೆಯಲ್ಲಿ ಉಳಿಸಿಕೊಳ್ಳುತ್ತೇವೆ. “ಆಕೀನೇ ಸಾಲಿ ಒಲ್ಲೆ ಅಂದಳ್ರಿ” ಎನ್ನುತ್ತೇವೆ. ಯಾಕೆ ಒಲ್ಲೆ ಎಂದಳು ಎಂದು ಕೇಳುವುದಿಲ್ಲ. ಬಹಳ ವರ್ಷಗಳ ಹಿಂದೆ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದಾಗ ಒಬ್ಬ ಹುಡುಗಿಗೆ ಕಾಪಿ ತಪ್ಪಿದ್ದಕ್ಕೆ ನಾನೇ ದಿನಾ ಹತ್ತು ಸಲ ಬರೆಸುತ್ತಿದ್ದೆ. ಸಂಜೆ ಹೊತ್ತು ಸಣ್ಣ ಮಕ್ಕಳನ್ನೆಲ್ಲ ಕೂರಿಸಿಕೊಂಡು ಎಷ್ಟು ಚೆಂದ ಕಥೆ ಹೇಳುತ್ತಿದ್ದಳು! ದೀಪಾವಳಿ ರಜೆಗೆ ಹೋದಾಕೆ ತಿರುಗಿ ಬರಲಿಲ್ಲ. ನಾನು ಎಂ.ಎಸ್.ಡಬ್ಲ್ಯೂ. ಓದಿದ್ದೆ, ಆದರೂ ನನಗೆ ಹೊಳೆಯಲಿಲ್ಲ.

ಈಗ ಕಾನೂನು ನಮ್ಮ ಕಡೆ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರಿರಲಿಲ್ಲ. 2016ರ ಕಾಯ್ದೆ ಅದನ್ನು 21 ವಿಧಗಳಲ್ಲಿ ಒಂದೆಂದು ಸೇರಿಸಿತು. ಶಾಲೆಯಲ್ಲಿ ಹೊಡೆಯುವುದನ್ನು, ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೊದಲು ಹೆಡ್‌ಮಾಸ್ಟರಿಗೆ ಹೇಳಿ, ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ತಪಾಸಣೆಗೆ ಬಂದ ದಿನ ಮಗುವನ್ನು ತಪ್ಪಿಸಬೇಡಿ. ಅವರು ಬರೆದುಕೊಟ್ಟರೆ ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಬನ್ನಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬೇಕಾದರೆ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಕೊಟ್ಟ ಚೀಟಿಗಳನ್ನೆಲ್ಲ ಒಂದು ಕಡೆ ಇಡಿ.

ಆ ಐದನೇತ್ತ ಹುಡುಗಿಯನ್ನು ಇನ್ನೂ ಸಾಲಿ ಬಿಡಿಸಿಲ್ಲ. ಬರುವ ಸಭೆಗೆ ಆಕೆಯ ತಾಯಿ ಎರಡು ವರ್ಷದ ನೋಟ್‌ಬುಕ್ ತರುತ್ತೇನೆಂದಿದ್ದಾರೆ. ನೀವೂ ತನ್ನಿ, ಜೊತೆಗೆ ಕೂತು ನೋಡೋಣ. ಚಿತ್ರ ನೋಡಬೇಕೆನ್ನುವ ಸಂಘದವರು ನಿಮ್ಮ ಕಾರ್ಯಕರ್ತೆಗೆ ಮುಂಚೆಯೇ ತಿಳಿಸಿರಿ. ಎರಡೂಮುಕ್ಕಾಲು ತಾಸಿನ ಚಿತ್ರ, ಅಡಿಗೆ ಮುಗಿಸಿಕೊಂಡೇ ಬರಬೇಕು.