ಆಟಿಸಂ: ಅರ್ಥ ತಲೆಕೆಳಗಾದ ಒಂದು ಪದ

ಆಟಿಸಂ ಎಂಬ ಪದ ಮೊದಲು ಬಳಕೆಗೆ ಬಂದಾಗ ಅದಕ್ಕೂ ಮಕ್ಕಳಿಗೂ ನಂಟಿರಲಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಬುರ್ಗ್‌ಹೋಲ್ಜ್ಲಿ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಮನೋವೈದ್ಯ ಆಯ್ಗನ್ ಬ್ಲಾಯ್ಲರ್, ಸ್ಕಿಜೋಫ್ರೀನಿಯಾ ಕುರಿತು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ವಿವರಿಸಿದರು. ಸ್ಕಿಜೋಫ್ರೀನಿಯಾ ಎಂಬ ಹೆಸರೂ ಅವರೇ ಇಟ್ಟದ್ದು. ‘ತಾನು’ ಎಂಬರ್ಥದ ಗ್ರೀಕ್ ಮೂಲದಿಂದ ಕಟ್ಟಿದ ಆಟಿಸಂ ಆ ಕಾಯಿಲೆಯ ಒಂದು ಲಕ್ಷಣದ ಹೆಸರಾಗಿತ್ತು. ರೋಗಿ ಹೊರಜಗತ್ತಿಗೆ ಬೆನ್ನು ಮಾಡಿ, ತನ್ನದೇ ಆಸೆ, ಅಂಜಿಕೆ, ಭ್ರಮೆಗಳು ತುಂಬಿದ ಒಳಲೋಕದಲ್ಲಿ ಮುಳುಗಿಹೋಗುವುದನ್ನು ಅದು ಸೂಚಿಸುತ್ತಿತ್ತು. ಇಂಥ ಯೋಚನೆ ಆರೋಗ್ಯವಂತರಲ್ಲೂ ಇರುತ್ತದೆಂದು ಬ್ಲಾಯ್ಲರ್ ನಂಬಿದ್ದರು. ವೈದ್ಯರೇ ಆಧಾರವಿಲ್ಲದೆ ತಮಗೆ ಬೇಕಾದ್ದನ್ನು ನಂಬುವುದನ್ನು ಟೀಕಿಸಲು 1919ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೂ ಇದೇ ಪದವನ್ನು ಬಳಸಿದರು. ಅಂದರೆ ಹುಟ್ಟಿದಾಗ ಆಟಿಸಂ ಕಲ್ಪನೆಯ ಅತಿರೇಕದ ಹೆಸರು. ಮುಂದಿನ ಅರವತ್ತು ವರ್ಷಗಳ ಗೊಂದಲಕ್ಕೆಲ್ಲ ಬೀಜ ಇರುವುದು ಇಲ್ಲೇ.

ಪದ ಮಕ್ಕಳ ಕಡೆಗೆ ಹೊರಳಿದ್ದು ನಿಧಾನವಾಗಿ. ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲಿ, ಎಳೆಯ ಮಗುವಿನ ಮೊದಲ ಹಂತದ ಯೋಚನೆಯನ್ನು ಈ ಪದದಿಂದಲೇ ಗುರುತಿಸಿದರು. ಅದೇ ದಶಕದಲ್ಲಿ ಮಾಸ್ಕೋದ ವೈದ್ಯೆ ಗ್ರೂನ್ಯಾ ಸುಖರೇವಾ ಆರು ಹುಡುಗರ ನಡವಳಿಕೆಯನ್ನು ಸೂಕ್ಷ್ಮವಾಗಿ ದಾಖಲಿಸಿದರು. ಅವರ ಲೇಖನ 1926ರಲ್ಲಿ ಜರ್ಮನ್ ಭಾಷೆಯಲ್ಲೂ ಬಂತು. ಈಗಿನ ವೈದ್ಯರು ಆಟಿಸಂನಲ್ಲಿ ಗುರುತಿಸುವ ಎಷ್ಟೋ ಲಕ್ಷಣಗಳು ಅದರಲ್ಲಿವೆ. ಆದರೂ ಸುಖರೇವಾ ಅವರಿಗೆ ಸಲ್ಲಬೇಕಾದ ಮನ್ನಣೆ ಸಿಗಲಾರಂಭಿಸಿದ್ದು 1996ರಲ್ಲಿ ಆ ಲೇಖನ ಇಂಗ್ಲಿಷಿಗೆ ಬಂದ ಮೇಲೆ.

ಪದವನ್ನು ಮಕ್ಕಳ ಸ್ಥಿತಿಯೊಂದಕ್ಕೆ ಗಟ್ಟಿಯಾಗಿ ಅಂಟಿಸಿದವರು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್. ಅವರ 1943ರ ಲೇಖನದಲ್ಲಿ ಎಂಟು ಹುಡುಗರು, ಮೂವರು ಹುಡುಗಿಯರ ಕಥೆಯಿದೆ. ಈ ಮಕ್ಕಳು ಜನರಿಗಿಂತ ವಸ್ತುಗಳ ಜೊತೆ ಹೆಚ್ಚು ನೆಮ್ಮದಿಯಿಂದ ಇರುತ್ತಿದ್ದರು, ದಿನಚರಿ ಕೊಂಚ ಬದಲಾದರೂ ಕಂಗೆಡುತ್ತಿದ್ದರು. ಸ್ಕಿಜೋಫ್ರೀನಿಯಾ ರೋಗಿ ಇದ್ದ ಲೋಕದಿಂದ ಹಿಂದೆ ಸರಿದವನು, ಈ ಮಕ್ಕಳಾದರೋ ಮೊದಲಿನಿಂದಲೇ ಹೀಗಿದ್ದವರು ಎಂದು ಕ್ಯಾನರ್ ಸ್ಪಷ್ಟವಾಗಿ ಬೇರ್ಪಡಿಸಿದರು. ಮರುವರ್ಷ ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್, ನಿರರ್ಗಳವಾಗಿ ಮಾತಾಡಬಲ್ಲ ಆದರೆ ಓರಗೆಯವರ ಜೊತೆ ಬೆರೆಯಲಾರದ ಮಕ್ಕಳ ಬಗ್ಗೆ ಅದೇ ಪದ ಬಳಸಿ ಬರೆದರು. ಯುದ್ಧಕಾಲದ ಆ ಜರ್ಮನ್ ಬರಹ ಇಂಗ್ಲಿಷ್ ಓದುವವರ ಕಣ್ಣಿಗೆ ಬಹುಕಾಲ ಬೀಳಲಿಲ್ಲ.

ಕ್ಯಾನರ್ ಹೊಸ ಸ್ಥಿತಿಯನ್ನು ಕಂಡರು, ಆದರೆ ಹೆಸರು ಹಳೆಯದು. ಹಳೆಯ ಹೆಸರು ಹಳೆಯ ಅರ್ಥವನ್ನೂ ಹೊತ್ತುಕೊಂಡೇ ಬಂತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ, ತನ್ನ 1968ರ ಎರಡನೆಯ ಆವೃತ್ತಿಯಲ್ಲೂ ಇಂಥ ನಡವಳಿಕೆಯನ್ನು ಬಾಲ್ಯದ ಸ್ಕಿಜೋಫ್ರೀನಿಯಾದ ಕೆಳಗೇ ಇಟ್ಟಿತ್ತು. ಮಗು ಒಳಲೋಕದೊಳಗೆ ಅಡಗಿ ಕೂತಿದೆ ಎಂದಾದರೆ, ಯಾರಿಂದ ಅಡಗಿದೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಉತ್ತರವಾಗಿ ತಾಯಿಯನ್ನು ಎದುರಿಗೆ ನಿಲ್ಲಿಸಲಾಯಿತು. ಹೆತ್ತವರ ಪ್ರೀತಿಯಲ್ಲಿ ಬಿಸಿಯಿಲ್ಲದ್ದರಿಂದ ಮಗು ಹೀಗಾಯಿತು ಎಂಬ ವಾದಕ್ಕೆ ಕ್ಯಾನರ್ ಅವರ ಕೆಲವು ಮಾತುಗಳೂ ಇಂಬು ಕೊಟ್ಟವು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ‘ದಿ ಎಂಪ್ಟಿ ಫೋರ್ಟ್ರೆಸ್’ ಬರೆದು ಆ ವಾದವನ್ನು ಮನೆಮಾತಾಗಿಸಿದರು. ಮಗುವಿನ ಆರೈಕೆಯಲ್ಲೇ ಹಗಲಿರುಳು ಸವೆದ ತಾಯಂದಿರ ಮೇಲೆ ಈ ಆರೋಪ ಹೊರಿಸಲಾಯಿತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇದಕ್ಕಿಂತ ಕ್ರೂರವಾದ ತಪ್ಪುಗಳು ಹೆಚ್ಚಿಲ್ಲ. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲಾಂಡ್ 1964ರಲ್ಲೇ ಇದನ್ನು ಅಲ್ಲಗಳೆದು, ಕಾರಣ ಮಿದುಳಿನಲ್ಲಿದೆ ಎಂದು ಪುಸ್ತಕ ಬರೆದಿದ್ದರು.

ಅರ್ಥ ನಿಜವಾಗಿ ತಲೆಕೆಳಗಾದದ್ದು 1970ರ ದಶಕದಲ್ಲಿ, ಬ್ರಿಟನ್ನಿನಲ್ಲಿ. ಬಾಲ್ಯದ ಸ್ಕಿಜೋಫ್ರೀನಿಯಾ ಎಂಬ ಕಲ್ಪನೆಯನ್ನೇ 1972ರಲ್ಲಿ ಮರುಪರಿಶೀಲಿಸಿದ ಲಂಡನ್ನಿನ ಮನೋವೈದ್ಯ ಮೈಕೆಲ್ ರಟರ್, ಈ ಮಕ್ಕಳಲ್ಲಿರುವುದು ಕಲ್ಪನೆಯ ಅತಿರೇಕವಲ್ಲ, ಅದರ ಕೊರತೆ ಎಂದರು. ಬ್ಲಾಯ್ಲರ್ ಹೇಳಿದ್ದಕ್ಕೆ ಇದು ನೇರ ವಿರುದ್ಧ, ಪದ ಮಾತ್ರ ಅದೇ. ಮಗು ಎಲ್ಲಿಗೂ ಹಿಂದೆ ಸರಿದಿಲ್ಲ, ಅದರ ಭಾಷೆ ಮತ್ತು ಗ್ರಹಿಕೆ ಬೇರೆ ಬಗೆಯಲ್ಲಿ ಬೆಳೆಯುತ್ತಿದೆ ಎಂಬ ತಿಳಿವಳಿಕೆ ಇದರಿಂದ ಬೇರೂರಿತು. ಸೂಸನ್ ಫೋಲ್‌ಸ್ಟೀನ್ ಮತ್ತು ರಟರ್ 1977ರಲ್ಲಿ 21 ಅವಳಿ ಜೋಡಿಗಳ ಅಧ್ಯಯನ ಪ್ರಕಟಿಸಿದರು. 11 ತದ್ರೂಪಿ ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಬೇರು ವಂಶವಾಹಿಗಳಲ್ಲಿದೆ ಎಂಬುದಕ್ಕೆ ಇದು ಮೊದಲ ಬಲವಾದ ಸಾಕ್ಷಿ. ಈ ಕ್ಷೇತ್ರದ ಪ್ರಮುಖ ಸಂಶೋಧನಾ ಪತ್ರಿಕೆ 1979ರಲ್ಲಿ ತನ್ನ ಹೆಸರಿನಿಂದ ‘ಬಾಲ್ಯದ ಸ್ಕಿಜೋಫ್ರೀನಿಯಾ’ವನ್ನು ಕೈಬಿಟ್ಟು ‘ಬೆಳವಣಿಗೆಯ ತೊಂದರೆಗಳು’ ಎಂದು ಸೇರಿಸಿಕೊಂಡಿತು. ಮರುವರ್ಷ ಡಿಎಸ್‌ಎಂನ ಮೂರನೆಯ ಆವೃತ್ತಿಯಲ್ಲಿ ಆಟಿಸಂ ಪ್ರತ್ಯೇಕ ಸ್ಥಾನ ಪಡೆಯಿತು.

ಪದವನ್ನು ಅಗಲಗೊಳಿಸಿದ ಶ್ರೇಯಸ್ಸು ಮನೋವೈದ್ಯೆ ಲೋರ್ನಾ ವಿಂಗ್ ಅವರದು. ಅವರೂ ಆಟಿಸಂ ಇದ್ದ ಮಗಳ ತಾಯಿ. ಜೂಡಿತ್ ಗೌಲ್ಡ್ ಜೊತೆ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳನ್ನು ಅಧ್ಯಯನ ಮಾಡಿದಾಗ, ಕ್ಯಾನರ್ ವರ್ಣನೆಗೆ ಪೂರ್ತಿ ಹೊಂದದಿದ್ದರೂ ಅದೇ ಬಗೆಯ ನೆರವು ಬೇಕಾದ ಮಕ್ಕಳು ಬಹಳ ಮಂದಿ ಕಂಡರು. ಜನರೊಡನೆ ಬೆರೆಯುವುದು, ಸಂವಹನ, ಕಲ್ಪನೆ ಈ ಮೂರರ ತೊಡಕು ಒಟ್ಟಿಗೇ ಬರುತ್ತದೆಂದು 1979ರಲ್ಲಿ ತೋರಿಸಿದರು. 1981ರಲ್ಲಿ ಆಸ್ಪರ್ಗರ್ ಬರಹವನ್ನು ಬೆಳಕಿಗೆ ತಂದು ‘ಆಸ್ಪರ್ಗರ್ ಸಿಂಡ್ರೋಮ್’ ಎಂಬ ಹೆಸರನ್ನು ಚಾಲ್ತಿಗೆ ತಂದರು. ‘ಸ್ಪೆಕ್ಟ್ರಂ’, ಅಂದರೆ ಹಲವು ಬಗೆಗಳ ಹರವು, ಎಂಬ ಪರಿಕಲ್ಪನೆ ನೆಲೆಗೊಂಡದ್ದೂ ಅವರಿಂದಲೇ. ಅದನ್ನು ‘ಕಡಿಮೆ’ಯಿಂದ ‘ಹೆಚ್ಚು’ ಎಂಬ ನೇರ ಗೆರೆಯಾಗಿ ಕಾಣುವುದು ತಪ್ಪು. ಚೆನ್ನಾಗಿ ಮಾತಾಡುವ ವ್ಯಕ್ತಿಗೆ ಮಿಕ್ಸಿಯ ಸದ್ದು ತಡೆಯಲಾಗದ ಹಿಂಸೆಯಾಗಬಹುದು, ಮಾತೇ ಬಾರದವರು ಬರೆದು ವಿಚಾರ ತಿಳಿಸಬಲ್ಲರು.

ಡಿಎಸ್‌ಎಂ 1994ರಲ್ಲಿ ಸೇರಿಸಿಕೊಂಡ ಆಸ್ಪರ್ಗರ್ ಹೆಸರು 2013ರ ಐದನೆಯ ಆವೃತ್ತಿಯಲ್ಲಿ ಹೋಯಿತು, ಎಲ್ಲವೂ ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ ಎಂಬ ಒಂದೇ ಹೆಸರಿನಡಿ ಬಂತು. ನಾಜಿ ಆಡಳಿತದ ಮಕ್ಕಳ ಹತ್ಯಾ ವ್ಯವಸ್ಥೆಯೊಂದಿಗೆ ಆಸ್ಪರ್ಗರ್ ಸಹಕರಿಸಿದ್ದರೆಂದು ತೋರಿಸುವ ದಾಖಲೆಗಳು 2018ರಲ್ಲಿ ಪ್ರಕಟವಾದ ಮೇಲಂತೂ ಆ ಹೆಸರನ್ನು ಹಲವರು ದೂರವಿಟ್ಟಿದ್ದಾರೆ.

ಅರ್ಥ ಹಿಗ್ಗಿದಂತೆ ಎಣಿಕೆಯೂ ಹಿಗ್ಗಿತು. ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್‌ನಲ್ಲಿ 1966ರ ಸಮೀಕ್ಷೆ ಹತ್ತು ಸಾವಿರ ಮಕ್ಕಳಲ್ಲಿ ನಾಲ್ಕೈದು ಮಂದಿಯನ್ನು ಗುರುತಿಸಿತ್ತು. ಅಮೆರಿಕದ 2022ರ ಅಂಕಿಅಂಶದ ಪ್ರಕಾರ ಎಂಟು ವರ್ಷದ 31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದೆ. ಈ ಏರಿಕೆಯನ್ನು ಸಾಂಕ್ರಾಮಿಕ ಎನ್ನುವವರು, ಎರಡು ಎಣಿಕೆಗಳಲ್ಲಿ ಪದದ ಅರ್ಥ ಒಂದೇ ಅಲ್ಲ ಎಂಬುದನ್ನು ಮರೆಯುತ್ತಾರೆ. ಹೆಚ್ಚಿದ ಅರಿವು, ತಪಾಸಣೆಗಳ ಪಾಲೂ ಇದರಲ್ಲಿ ದೊಡ್ಡದು.

1990ರ ದಶಕದಿಂದ ಈ ಪದದ ಅರ್ಥ ವೈದ್ಯರ ಕೈಯಲ್ಲಷ್ಟೇ ಉಳಿದಿಲ್ಲ. ಆಟಿಸಂ ಇರುವ ಜಿಮ್ ಸಿಂಕ್ಲೇರ್, ಮಗುವಿಗೆ ಆಟಿಸಂ ಇದೆಯೆಂದು ಹೆತ್ತವರು ಶೋಕಿಸಬೇಡಿ ಎಂದು 1993ರಲ್ಲಿ ಬರೆದರು. ಆಟಿಸಂ ತಮ್ಮ ವ್ಯಕ್ತಿತ್ವದ ಭಾಗ, ಕಳಚಿಹಾಕಬಹುದಾದ ಹೊದಿಕೆಯಲ್ಲ ಎಂಬುದು ಅಂಥವರ ನಿಲುವು. ಎಡೆಬಿಡದ ಆರೈಕೆ ಬೇಕಾದ ಮಕ್ಕಳ ಹೆತ್ತವರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ಅವರ ಕಷ್ಟವೂ ಸುಳ್ಳಲ್ಲ.

ಕನ್ನಡದ ‘ಸ್ವಲೀನತೆ’ ಗ್ರೀಕ್ ಮೂಲವನ್ನೇ ಅನುಸರಿಸಿದ ಪದ. ತನ್ನಲ್ಲೇ ಲೀನವಾಗುವುದು ಎಂಬ ಬ್ಲಾಯ್ಲರ್ ಅರ್ಥ ಅದರಲ್ಲಿ ಇನ್ನೂ ಉಳಿದಿದೆ. ಭಾರತದ ಕಾನೂನು ಈ ಸ್ಥಿತಿಯನ್ನು ಗುರುತಿಸಿದ್ದು ತಡವಾಗಿ. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ವರ್ಗಗಳಲ್ಲಿ ಸೇರಿಸಿತು. ಹೆಸರು ಹಿಡಿದು ಕರೆದರೆ ತಿರುಗದ, ಬೇಕಾದ್ದನ್ನು ಬೆರಳು ಮಾಡಿ ತೋರಿಸದ ಮಗುವನ್ನು ಕಂಡಾಗ ತಾಯಿಯನ್ನು ದೂರುತ್ತ ಕೂರುವ ಕಾಲ ಮುಗಿದಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಇಂಥ ಮಕ್ಕಳ ತಪಾಸಣೆಗೆ ವ್ಯವಸ್ಥೆಯಿದೆ. ‘ದೊಡ್ಡವನಾದ ಮೇಲೆ ಸರಿಹೋಗುತ್ತಾನೆ’ ಎಂದು ಕಾಯದೆ ಮಗುವನ್ನು ಬೇಗ ಅಲ್ಲಿಗೆ ಕರೆದೊಯ್ಯಬೇಕು.